ಎಷ್ಟು ದಪ್ಪ? ಗಾಜಿನ ಕಿಲ್ನ್ ಸ್ಟುಡಿಯೊ ಶುರು ಮಾಡುವವರಿಗೆ ಒಂದು ಹೋಲಿಕೆ

ಗಾಜಿನ ಸ್ಟುಡಿಯೊ ಹಾಕಬೇಕು ಎಂದುಕೊಂಡವರು ಮೊದಲು ಕೇಳುವುದು ಒಂದೇ ಮಾತು: ‘ಯಾವ ಕಿಲ್ನ್ ತಗೊಳ್ಳಲಿ?’ ಕಿಲ್ನ್ ಎಂದರೆ ಗಾಜು ಕಾಯಿಸುವ ಗೂಡು. ನಾನು ತಿರುಗಿ ಕೇಳುವುದೂ ಒಂದೇ: ‘ನೀವು ಮಾಡಬೇಕೆಂದಿರುವ ವಸ್ತು ಎಷ್ಟು ದಪ್ಪ?’ ಕೆಲವರಿಗೆ ಇದು ತಲೆಹರಟೆ ಅನಿಸುತ್ತದೆ. ಆದರೆ 6 ಮಿ.ಮೀ. ದಪ್ಪದ ತಟ್ಟೆ ಮಾಡುವವರ ಸ್ಟುಡಿಯೊನೇ ಬೇರೆ, 40 ಮಿ.ಮೀ. ದಪ್ಪದ ಗಟ್ಟಿ ಎರಕ ಮಾಡುವವರ ಸ್ಟುಡಿಯೊನೇ ಬೇರೆ. ಕಿಲ್ನ್, ಹಲಗೆ, ಉಜ್ಜುವ ಯಂತ್ರ, ಕರೆಂಟಿನ ಖರ್ಚು, ವಾರಕ್ಕೆ ಎಷ್ಟು ಸಲ ಸುಡಬಹುದು ಎಂಬ ಲೆಕ್ಕ, ಎಲ್ಲವೂ ಆ ದಪ್ಪದ ಹಿಂದೆಯೇ ಬರುತ್ತವೆ.

ಇಲ್ಲಿ ಯಾವ ಕೆಲಸದ ಮಾತು ಎಂದು ಮೊದಲೇ ಹೇಳಿಬಿಡುತ್ತೇನೆ. ಕೊಳವೆ ಹಿಡಿದು ಕರಗಿದ ಗಾಜು ಊದುವ ಕೆಲಸ ಅಲ್ಲ. ತಣ್ಣಗಿರುವ ಗಾಜನ್ನು ಕತ್ತರಿಸಿ, ಜೋಡಿಸಿ, ಕರೆಂಟಿನ ಕಿಲ್ನ್ ಒಳಗಿಟ್ಟು ಮುಚ್ಚಳ ಹಾಕುವ ಕೆಲಸ. 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಜು ಮೆತ್ತಗಾಗಿ ಅಚ್ಚಿನೊಳಗೆ ಬಾಗುತ್ತದೆ. ಇದು ಸ್ಲಂಪಿಂಗ್. 740ರಿಂದ 770ರ ನಡುವೆ ಚೂರುಗಳು ಒಂದಕ್ಕೊಂದು ಅಂಟುತ್ತವೆ, ಉಬ್ಬುತಗ್ಗು ಹಾಗೇ ಉಳಿಯುತ್ತದೆ. ಇದು ಟ್ಯಾಕ್ ಫ್ಯೂಸ್. 800 ದಾಟಿದರೆ ಎಲ್ಲವೂ ಕರಗಿ ಒಂದೇ ಹಾಳೆ. ಇದು ಫುಲ್ ಫ್ಯೂಸ್. ಆಮೇಲಿನದು ನಿಧಾನವಾಗಿ ತಣಿಸುವ ಹಂತ. ಅದಕ್ಕೆ ಅನೀಲಿಂಗ್ ಎನ್ನುತ್ತಾರೆ, ನಾನು ಸುಮ್ನೆ ಹದ ಎನ್ನುತ್ತೇನೆ.

ಬಿಸಿ ಮಾಡುವುದರಲ್ಲಿ ದೊಡ್ಡಸ್ತಿಕೆ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ ಯಾವ ಗಾಜಿನ ಕಿಲ್ನ್ ಆದರೂ 800 ಮುಟ್ಟುತ್ತದೆ. ಕಷ್ಟ ಇರುವುದು ಇಳಿಯುವಾಗ. ಗಾಜಿನ ಹೊರಮೈ ಬೇಗ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಬಿಸಿ ಇರುತ್ತದೆ. ಒಳಗಿನದು ಆಮೇಲೆ ಕುಗ್ಗಲು ಹೋದಾಗ ಹೊರಮೈ ಬಿಡುವುದಿಲ್ಲ. ಆ ಎಳೆದಾಟ ಗಾಜಿನೊಳಗೆ ಶಾಶ್ವತವಾಗಿ ಉಳಿದುಬಿಡುತ್ತದೆ. ನನ್ನ ಮೊದಲ ದಪ್ಪ ಪೇಪರ್‌ವೇಟ್ ಕಿಲ್ನ್‌ನಿಂದ ಚೆನ್ನಾಗಿಯೇ ಹೊರಬಂತು. ಮೂರು ವಾರ ಮೇಜಿನ ಮೇಲೆ ಕೂತಿತ್ತು. ಒಂದು ರಾತ್ರಿ ಯಾರೂ ಮುಟ್ಟದೆಯೇ ಟಪ್ ಅಂತ ಎರಡಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.

ದಪ್ಪ ಜಾಸ್ತಿಯಾದಂತೆ ತಣಿಸುವ ಹೊತ್ತು ಅದೇ ಲೆಕ್ಕದಲ್ಲಿ ಏರುವುದಿಲ್ಲ, ಅದಕ್ಕಿಂತ ಎಷ್ಟೋ ಜೋರಾಗಿ ಏರುತ್ತದೆ. ಬುಲ್ಸ್‌ಐ ಎಂಬ ಕಂಪನಿಯವರು ತಮ್ಮ ಗಾಜಿಗೆ ತಾವೇ ಕೊಡುವ ಪಟ್ಟಿ ನೋಡಿ. 12 ಮಿ.ಮೀ. ದಪ್ಪಕ್ಕೆ 482 ಡಿಗ್ರಿಯಲ್ಲಿ 2 ಗಂಟೆ ನಿಲ್ಲಿಸಬೇಕು, ಅಲ್ಲಿಂದ ಕೋಣೆಯ ಬಿಸಿಗೆ ಇಳಿಸಿ ಮುಗಿಸುವ ಹೊತ್ತಿಗೆ ಒಟ್ಟು ಸುಮಾರು 5 ಗಂಟೆ. 25 ಮಿ.ಮೀ. ಆದರೆ ಸುಮಾರು 14 ಗಂಟೆ. 50 ಮಿ.ಮೀ. ಆದರೆ ಸುಮಾರು 47 ಗಂಟೆ, ಅಂದರೆ ಹೆಚ್ಚುಕಡಿಮೆ ಎರಡು ಹಗಲು ಎರಡು ರಾತ್ರಿ. ಅದೂ ಮೇಲೆ ಕೆಳಗೆ ಎರಡೂ ಕಡೆ ಸಮನಾಗಿ ತಣಿಯುವ ಚಪ್ಪಟೆ ತುಂಡಿಗೆ ಮಾತ್ರ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಇನ್ನೂ ನಿಧಾನ. ಈ ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಗಾಜು: 90, 96, ಇಲ್ಲವೇ ಕಿಟಕಿ ಗಾಜು

ಕಿಲ್ನ್ ಕೊಳ್ಳುವ ಮುಂಚೆ ಗಾಜು ಆರಿಸಿ. ಗಾಜಿನ ಜೊತೆ ಬರುವ 90, 96 ಎಂಬ ಸಂಖ್ಯೆಗೆ ಸಿಒಇ ಎನ್ನುತ್ತಾರೆ. ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬ ಅಳತೆ ಅದು. 90 ಎಂದರೆ ಬಿಸಿ ಒಂದು ಡಿಗ್ರಿ ಏರಿದಾಗ ಒಂದು ಕೋಟಿ ಪಾಲಿಗೆ 90 ಪಾಲು ಹಿಗ್ಗುತ್ತದೆ ಎಂದರ್ಥ. 90ಕ್ಕೂ 96ಕ್ಕೂ ಏನು ಮಹಾ ವ್ಯತ್ಯಾಸ ಅನಿಸಬಹುದು. ಲೆಕ್ಕ ಹಾಕಿ. 30 ಸೆಂ.ಮೀ. ಅಗಲದ ತಟ್ಟೆ 450 ಡಿಗ್ರಿ ತಣಿಯುವಾಗ ಎರಡರ ನಡುವಿನ ಅಂತರ ಸುಮಾರು 0.08 ಮಿ.ಮೀ. ಅಷ್ಟು ಸಾಕು, ಎರಡನ್ನೂ ಬೆರೆಸಿ ಕರಗಿಸಿದ ತಟ್ಟೆ ಬಿರುಕು ಬಿಡಲು.

90ರ ಕಡೆ ಮುಖ್ಯವಾಗಿ ಬುಲ್ಸ್‌ಐ ಇದೆ. 1974ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಶುರುವಾದದ್ದು. 96ರ ಕಡೆ ಓಷನ್‌ಸೈಡ್ ಇದೆ. ವಿಸ್ಮಾಕ್‌ನವರು ಎರಡನ್ನೂ ಮಾಡುತ್ತಾರೆ. ಬಣ್ಣಗಳ ಆಯ್ಕೆ, ಪುಡಿ, ಫ್ರಿಟ್ (ಗಾಜಿನ ಸಣ್ಣ ಹರಳು), ತೆಳು ಹಾಳೆ, ಎಳೆಕಡ್ಡಿ (ದಾರದಂಥ ಗಾಜಿನ ಕಡ್ಡಿ), ಜೊತೆಗೆ ಓದಲು ಸಿಗುವ ತಾಂತ್ರಿಕ ಮಾಹಿತಿ, ಇವೆಲ್ಲದರಲ್ಲಿ ನನ್ನ ಓಟು 90ಕ್ಕೆ. ಆದರೆ ನಿಮ್ಮ ಹತ್ತಿರ ಗಾಜು ಊದುವ ಸ್ಟುಡಿಯೊ ಇದ್ದು, ಅವರ ಜೊತೆ ಸೇರಿ ಕೆಲಸ ಮಾಡುವ ಆಸೆ ಇದ್ದರೆ 96 ನೋಡಿ. ಊದುವವರಲ್ಲಿ ಎಷ್ಟೋ ಜನ 96ರ ಗಾಜನ್ನೇ ಕರಗಿಸುತ್ತಾರೆ. ನಿಮ್ಮ ಫ್ಯೂಸ್ ಮಾಡಿದ ಹಾಳೆಯನ್ನು ಅವರು ಬಿಸಿ ಮಾಡಿ ಸುತ್ತಿ ಊದಬಹುದು.

ಒಂದು ಎಚ್ಚರಿಕೆ. ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಎರಡು ಗಾಜು ಹೊಂದುತ್ತವೆ ಎಂದೇನಿಲ್ಲ. ಗಾಜು ಎಷ್ಟು ಬಿಸಿಯಲ್ಲಿ ಎಷ್ಟು ಮೆತ್ತಗಿರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅನುಮಾನ ಇದ್ದರೆ ಪಾರದರ್ಶಕ ಗಾಜಿನ ಪಟ್ಟಿಯ ಮೇಲೆ ಬಣ್ಣದ ಒಂದು ಚೂರಿಟ್ಟು ಫ್ಯೂಸ್ ಮಾಡಿ, ಹದ ಮಾಡಿ, ಎರಡು ಪೋಲರೈಸಿಂಗ್ ಫಿಲ್ಮ್‌ಗಳ ನಡುವೆ ಹಿಡಿದು ಬೆಳಕಿಗೆ ನೋಡಿ. ಫಿಲ್ಮ್‌ಗಳನ್ನು ಅಡ್ಡಡ್ಡ ತಿರುಗಿಸಿದಾಗ ಎಲ್ಲ ಕಪ್ಪಾಗುತ್ತದೆ. ಚೂರಿನ ಸುತ್ತ ಬೆಳ್ಳಗೆ ಬಳೆಯಂತೆ ಹೊಳೆದರೆ ಅಲ್ಲಿ ಎಳೆದಾಟ ಇದೆ. ಇಡೀ ಸ್ಟುಡಿಯೊದಲ್ಲಿ ಇಷ್ಟು ಕಡಿಮೆ ಖರ್ಚಿನ, ಇಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ.

ಇನ್ನು ಕಿಟಕಿ ಗಾಜು. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಫ್ಲೋಟ್ ಗಾಜು ಇದು. ಪಿಲ್ಕಿಂಗ್ಟನ್‌ನವರು ಈ ವಿಧಾನವನ್ನು 1959ರಲ್ಲಿ ಹೊರಗೆಡವಿದರು. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಕಲಿಯಲು ಅಗ್ಗದ್ದೇ ಒಳ್ಳೆಯದಲ್ವಾ ಎಂದು ಕೇಳುತ್ತಾರೆ. ಕತ್ತರಿಸುವುದನ್ನು ಕಲಿಯಲು ಖಂಡಿತ ಹೌದು. ಫ್ಯೂಸಿಂಗ್ ಕಲಿಯಲು ನಾನು ಹೇಳುವುದಿಲ್ಲ. ಅದಕ್ಕೆ ಬಿಸಿ ಹೆಚ್ಚು ಬೇಕು, ಹದದ ಬಿಸಿಯೂ ಬೇರೆ, ಮೈ ಮೇಲೆ ಬಿಳಿ ಪೊರೆ ಬೇಗ ಕಟ್ಟುತ್ತದೆ. ತವರ ತಾಗಿದ ಮಗ್ಗುಲು ಯಾವುದು ಎಂಬ ತಾಪತ್ರಯ ಬೇರೆ. ಅಲ್ಪ ತರಂಗದ ಯುವಿ ದೀಪ ಹಿಡಿದರೆ ಆ ಮಗ್ಗುಲು ಹಾಲಿನಂತೆ ಮಸುಕಾಗಿ ಹೊಳೆಯುತ್ತದೆ. ದೊಡ್ಡ ಗೋಡೆ ಫಲಕ, ವಾಶ್ ಬೇಸಿನ್ ತರಹದ ಕೆಲಸಕ್ಕೆ ಫ್ಲೋಟ್ ಒಳ್ಳೆಯ ಆಯ್ಕೆ. ಟಫನ್ಡ್ ಗಾಜಂತೂ ಮುಟ್ಟಬೇಡಿ, ಕತ್ತರಿಸಲು ಹೋದರೆ ಪುಡಿ ಪುಡಿ.

ಒಂದು ಬಣ ಸೇರಿದ ಮೇಲೆ ಅಲ್ಲೇ ಇರಿ. ಎರಡೂ ಇಟ್ಟುಕೊಂಡ ಸ್ಟುಡಿಯೊದಲ್ಲಿ ಯಾವತ್ತೋ ಒಂದು ದಿನ ಚೂರುಗಳು ಬೆರೆತೇ ಬೆರೆಯುತ್ತವೆ. ಹಾಗೆಂದು ಒಬ್ಬರನ್ನೇ ನೆಚ್ಚಿಕೊಂಡರೆ ಅಪಾಯವಿಲ್ಲವೇ ಎಂದರೆ, ಇದೆ. 96ರ ದೊಡ್ಡ ತಯಾರಕರಾಗಿದ್ದ ಸ್ಪೆಕ್ಟ್ರಮ್‌ನವರು 2016ರಲ್ಲಿ ಅಂಗಡಿ ಮುಚ್ಚಿದರು. ಆ ಗಾಜಿನ ಸಾಲು ಓಷನ್‌ಸೈಡ್ ಕೈಗೆ ಹೋಯಿತು. ಜಾಸ್ತಿ ಬಳಸುವ ಪಾರದರ್ಶಕ ಹಾಳೆ, ಬಿಳಿ, ಕಪ್ಪು, ಇವನ್ನು ನಾನು ಒಂದಿಷ್ಟು ಹೆಚ್ಚಾಗಿಯೇ ತಂದಿಟ್ಟುಕೊಳ್ಳುತ್ತೇನೆ.

ಕಿಲ್ನ್: ಆಕಾರ ಮೊದಲು, ಬಿಸಿ ಆಮೇಲೆ

ಕುಂಬಾರಿಕೆಯ ಕಿಲ್ನ್ ಆಳವಾಗಿರುತ್ತದೆ, ಬಿಸಿ ಕೊಡುವ ಅದರ ಕಾಯಿಲ್‌ಗಳು ಪಕ್ಕದ ಗೋಡೆಗಳಲ್ಲಿರುತ್ತವೆ. ಗಾಜಿನ ಕಿಲ್ನ್ ಅಗಲವಾಗಿ, ಗಿಡ್ಡವಾಗಿ ಇರುತ್ತದೆ, ಕಾಯಿಲ್‌ಗಳು ಮುಚ್ಚಳದಲ್ಲಿ. ಈ ವ್ಯತ್ಯಾಸ ಸುಮ್ನೆ ಅಲ್ಲ. ಅಗಲವಾದ ತಟ್ಟೆಗೆ ಪಕ್ಕದಿಂದ ಬಿಸಿ ಬಂದರೆ ಅಂಚು ಮೊದಲು ಕಾಯುತ್ತದೆ, ನಡುಭಾಗ ಹಿಂದೆ ಬೀಳುತ್ತದೆ, ಏರುವಾಗಲೇ ಒಡೆಯುತ್ತದೆ. ಮೇಲಿಂದ ಬಂದರೆ ಇಡೀ ಮೈ ಒಟ್ಟಿಗೆ ಕಾಯುತ್ತದೆ. ತಟ್ಟೆ, ಬಟ್ಟಲು, ಫಲಕ ಮಾಡುವವರಿಗೆ ಮುಚ್ಚಳದ ಕಾಯಿಲ್. ಎತ್ತರದ ಅಚ್ಚಿನಲ್ಲಿ ಎರಕ ಮಾಡುವವರಿಗೆ ಪಕ್ಕದಲ್ಲೂ ಬೇಕು. ಎರಡೂ ಕಡೆ ಕಾಯಿಲ್ ಇದ್ದು, ಬೇರೆ ಬೇರೆಯಾಗಿ ಹಿಡಿತಕ್ಕೆ ಸಿಗುವ ಕಿಲ್ನ್ ಎಲ್ಲಕ್ಕಿಂತ ಒಳ್ಳೆಯದು, ದುಬಾರಿಯೂ ಹೌದು.

ಸ್ನೇಹಿತರ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಕುಂಬಾರಿಕೆ ಕಿಲ್ನ್ ಪುಕ್ಕಟೆ ಸಿಗುತ್ತಿದೆಯೇ? ತಗೊಳ್ಳಿ. ಸಣ್ಣ ತುಂಡುಗಳನ್ನು ಗೋಡೆಯಿಂದ ದೂರ, ನಡುವಿನಲ್ಲಿಟ್ಟು, ಏರುವ ವೇಗ ತಗ್ಗಿಸಿದರೆ ಕೆಲಸ ಆಗುತ್ತದೆ. ಆದರೆ ಹೊಸದಾಗಿ ದುಡ್ಡು ಹಾಕುವುದಾದರೆ ಅದು ಬೇಡ. 1200 ಡಿಗ್ರಿಯ ಶಕ್ತಿಗೆ ನೀವು ಬೆಲೆ ತೆತ್ತಂತೆ, ಅಷ್ಟು ಬಿಸಿ ನಿಮಗೆ ಯಾವತ್ತೂ ಬೇಕಾಗುವುದಿಲ್ಲ.

ಇಟ್ಟಿಗೆಯೋ ಫೈಬರೋ? ಹಗುರ ಫೈರ್ ಬ್ರಿಕ್‌ನ ಗೋಡೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾನಾಗಿಯೇ ನಿಧಾನವಾಗಿ ತಣಿಯುತ್ತದೆ. ಸೆರಾಮಿಕ್ ಫೈಬರ್ ಗೋಡೆ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಕಿಲ್ನ್ ಹಗುರ. ಮತ್ತೆ ಅದೇ ಪ್ರಶ್ನೆ, ಎಷ್ಟು ದಪ್ಪ? 6 ಮಿ.ಮೀ. ಕೆಲಸವೇ ಆಗಿ, ದಿನಕ್ಕೊಂದು ಸಲ ಸುಡಬೇಕಾದರೆ ಫೈಬರ್ ಒಳ್ಳೆಯದು, ಬೆಳಿಗ್ಗೆ ಮುಚ್ಚಳ ತೆಗೆಯಬಹುದು. ದಪ್ಪ ಎರಕಕ್ಕೆ ಇಟ್ಟಿಗೆ. ತಣಿಸುವಾಗ ಬಿಸಿ ಏರಿಳಿಸುವ ಕಂಟ್ರೋಲರ್ ಎಡವಿದರೂ ಇಟ್ಟಿಗೆ ಸ್ವಲ್ಪ ಕೈ ಹಿಡಿಯುತ್ತದೆ.

ಗಾತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಒಂದು ದೊಡ್ಡ ಕಿಲ್ನ್‌ಗಿಂತ ಎರಡು ಮಧ್ಯಮ ಗಾತ್ರದವು ಮೇಲು. ಒಂದು ಬಟ್ಟಲು ಆಗಲು ಒಂದು ಸಲ ಫ್ಯೂಸ್, ಇನ್ನೊಂದು ಸಲ ಸ್ಲಂಪ್, ಹೀಗೆ ಎರಡು ಸುಡುವಿಕೆ ಬೇಕು. ಎರಡಕ್ಕೂ ಬಿಸಿ ಬೇರೆ, ಆದ್ದರಿಂದ ಒಟ್ಟಿಗೆ ಇಡಲಾಗುವುದಿಲ್ಲ. ಒಂದೇ ಕಿಲ್ನ್ ಇದ್ದರೆ ಒಂದು ಕೆಲಸ ಇನ್ನೊಂದಕ್ಕೆ ಕಾಯುತ್ತದೆ. ಮೇಲಾಗಿ ದೊಡ್ಡ ಕಿಲ್ನ್ ತುಂಬುವ ತನಕ ಸುಡಲು ಮನಸ್ಸು ಬರುವುದಿಲ್ಲ. ಪರೀಕ್ಷೆಯ ಚೂರುಗಳಿಗೆ ಅಂಗೈ ಅಗಲದ ಪುಟ್ಟ ಕಿಲ್ನ್ ಒಂದಿದ್ದರೆ ಹೊಸ ಪ್ರಯೋಗ ಮಾಡುವ ಧೈರ್ಯ ಬರುತ್ತದೆ.

ಕೊಳ್ಳುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ. ವೋಲ್ಟ್ ಗುಣಿಸು ಆಂಪಿಯರ್ ಎಂದರೆ ವ್ಯಾಟ್. 230 ವೋಲ್ಟಿನ 15 ಆಂಪಿಯರ್ ಲೈನ್ ಹೆಚ್ಚೆಂದರೆ 3450 ವ್ಯಾಟ್ ಕೊಡುತ್ತದೆ. ಕಿಲ್ನ್ ಗಂಟೆಗಟ್ಟಲೆ ಎಳೆಯುವ ಯಂತ್ರ, ಆದ್ದರಿಂದ ಲೈನನ್ನು ಅಂಚಿನವರೆಗೆ ದುಡಿಸಬಾರದು. ಅದಕ್ಕೆಂದೇ ಬೇರೆ ಲೈನ್ ಬೇಕು. ಕಿಲ್ನ್ ಮನೆಗೆ ಬಂದ ಮೇಲೆ ಮೂರು ಫೇಸಿನದು ಎಂದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ.

ಕಂಟ್ರೋಲರ್

ಕೈಯಲ್ಲಿ ಗುಂಡಿ ತಿರುಗಿಸುವ ಕಿಲ್ನ್ ಬೇಡವೇ ಬೇಡ. ರಾತ್ರಿ ಮೂರು ಗಂಟೆಗೆ ಎದ್ದು ಗಂಟೆಗೆ 15 ಡಿಗ್ರಿಯಂತೆ ಇಳಿಸುತ್ತಾ ಕೂರಲು ಯಾರಿಂದಾಗುತ್ತದೆ? ಹಂತಗಳನ್ನು ಬರೆದಿಡಬಹುದಾದ ಡಿಜಿಟಲ್ ಕಂಟ್ರೋಲರ್ ಬೇಕು, ಕನಿಷ್ಠ 8 ಹಂತ. ವೈಫೈ ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ. ಕೊಳ್ಳುವಾಗ ಯಾರೂ ಕೇಳದ ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋಗಿ ಬಂದರೆ ಇದು ಏನು ಮಾಡುತ್ತದೆ? ಕೆಲವು ನಿಂತಲ್ಲಿಂದ ಮುಂದುವರಿಸುತ್ತವೆ, ಕೆಲವು ಎಲ್ಲವನ್ನೂ ನಿಲ್ಲಿಸಿ ಸುಮ್ಮನಾಗುತ್ತವೆ. ಹದದ ಹೊತ್ತಿನಲ್ಲಿ ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ. ಬಂದ ಮೇಲೆ ನಿಧಾನವಾಗಿ ಮತ್ತೆ ಹದದ ಬಿಸಿಗೆ ಏರಿಸಿ, ಪೂರ್ತಿ ಹೊತ್ತು ನಿಲ್ಲಿಸಿ, ಮೊದಲಿನಿಂದ ಇಳಿಸಿ.

ಕಾಯಿಲ್‌ಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚೇ ರಿಲೇ. ಸಾಮಾನ್ಯ ರಿಲೇ ಟಕ್ ಟಕ್ ಎನ್ನುತ್ತದೆ, ಸವೆಯುತ್ತದೆ, ಬದಲಾಯಿಸುವುದು ಸುಲಭ. ಸಾಲಿಡ್ ಸ್ಟೇಟ್ ರಿಲೇಗೆ ಸದ್ದಿಲ್ಲ, ಬಿಸಿಯನ್ನು ಸಣ್ಣ ಸಣ್ಣ ತುಂಡಾಗಿ ಕೊಡುತ್ತದೆ. ಕೆಟ್ಟಾಗ ಎರಡೂ ‘ಆನ್’ ಆಗಿಯೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ಮಿತಿ ಮೀರಿದರೆ ಕರೆಂಟ್ ಕಡಿಯುವ ಬೇರೆಯದೇ ವ್ಯವಸ್ಥೆ ಇದೆಯೇ ನೋಡಿ. ಇನ್ನೊಂದು ಮಾತು, ಕಿಲ್ನ್ ಒಳಗಿನ ಬಿಸಿ ಅಳೆಯುವ ಕಡ್ಡಿ, ಅಂದರೆ ಥರ್ಮೋಕಪಲ್, ಅಳೆಯುವುದು ತನ್ನ ತುದಿ ಇರುವ ಜಾಗದ ಬಿಸಿಯನ್ನು, ಗಾಜಿನದನ್ನಲ್ಲ. ನನ್ನ 804 ನಿಮ್ಮ ಕಿಲ್ನ್‌ನಲ್ಲಿ 815 ಇರಬಹುದು. 6 ಮಿ.ಮೀ. ತಟ್ಟೆಗೆ ನಾನು ಶುರು ಮಾಡುವುದು ಹೀಗೆ: ಗಂಟೆಗೆ 220 ಡಿಗ್ರಿಯಂತೆ 670ಕ್ಕೆ, ಪದರಗಳ ನಡುವಿನ ಗಾಳಿ ಹೋಗಲು ಅಲ್ಲಿ ಅರ್ಧ ಗಂಟೆ, ಗಂಟೆಗೆ 330ರಂತೆ 804ಕ್ಕೆ, ಅಲ್ಲಿ 10 ನಿಮಿಷ, ಆದಷ್ಟು ಬೇಗ 482ಕ್ಕೆ ಇಳಿದು ಒಂದು ಗಂಟೆ, ಆಮೇಲೆ ಗಂಟೆಗೆ 83ರಂತೆ 371ರ ತನಕ. ಇದು 90ರ ಗಾಜಿಗೆ. 96ಕ್ಕೆ ಹದ ಸುಮಾರು 510ರಲ್ಲಿ.

ಕಿಲ್ನ್ ಒಳಗೆ ಯಾವ ಮೂಲೆ ಬಿಸಿ, ಯಾವುದು ತಂಪು ಎಂದು ತಿಳಿಯಲು ಒಂದೇ ಅಳತೆಯ ಗಾಜಿನ ಪಟ್ಟಿಗಳನ್ನು ಎರಡೆರಡು ಕಂಬಗಳ ಮೇಲೆ ಸೇತುವೆಯಂತೆ ಇಟ್ಟು 650ರ ಹತ್ತಿರ ಕಾಯಿಸಿ. ಹೆಚ್ಚು ಜೋತುಬಿದ್ದದ್ದು ಬಿಸಿ ಮೂಲೆ. ಮೊದಲ ವಾರವೇ ಮಾಡಿಬಿಡಿ.

ಹಲಗೆಗೆ ಏನು ಬಳಿಯುವುದು

ಕಿಲ್ನ್ ಒಳಗೆ ಗಾಜು ಇಡುವುದು ಹಲಗೆಯ ಮೇಲೆ. ಕಾರ್ಡಿಯರೈಟ್ (ಬಿಸಿ ತಡೆಯುವ ಸೆರಾಮಿಕ್) ಹಲಗೆ ಭಾರ, ಚಪ್ಪಟೆ, ಬಹಳ ದಿನ ಬಾಳುತ್ತದೆ. ಫೈಬರ್ ಬೋರ್ಡ್ ಹಗುರ, ಆದರೆ ಕಾಲ ಕಳೆದಂತೆ ಸೊಟ್ಟಗಾಗುತ್ತದೆ. ಎರಡನ್ನೂ ನೆಲಕ್ಕೆ ತಾಗಿಸದೆ ಗಿಡ್ಡ ಕಂಬಗಳ ಮೇಲಿಡಿ, ಕೆಳಗೂ ಗಾಳಿ ಆಡಲಿ. ಇಲ್ಲದಿದ್ದರೆ ಕೆಳಮೈ ಬಿಸಿಯಾಗಿಯೇ ಉಳಿದು ಹದ ಕೆಡುತ್ತದೆ.

ಗಾಜು ಹಲಗೆಗೆ ಅಂಟದಂತೆ ಕಿಲ್ನ್ ವಾಶ್ (ನೀರಿನಲ್ಲಿ ಕಲಸಿದ ಪುಡಿ) ಬಳಿಯಬಹುದು, ಇಲ್ಲವೇ ತೆಳು ಫೈಬರ್ ಕಾಗದ ಹಾಸಬಹುದು. ವಾಶ್ ಅಗ್ಗ. ಮೆತ್ತನೆಯ ಬ್ರಷ್‌ನಲ್ಲಿ ಪ್ರತಿ ಸಲ ದಿಕ್ಕು ಬದಲಿಸಿ ನಾಲ್ಕೈದು ಪದರ ಬಳಿದು ಪೂರ್ತಿ ಒಣಗಿಸಬೇಕು. ಫುಲ್ ಫ್ಯೂಸ್ ಆದ ಮೇಲೆ ಕೆರೆದು ಮತ್ತೆ ಬಳಿಯಬೇಕು. ‘ಇನ್ನೊಂದು ಸಲ ನಡೆಯುತ್ತೆ’ ಎಂದು ಬಿಟ್ಟರೆ ತಟ್ಟೆಯ ಬೆನ್ನಿಗೆ ಬಿಳಿ ಕಲೆ ಅಂಟಿ ಬರುತ್ತದೆ. ಕಾಗದ ದುಬಾರಿ, ಸಾಮಾನ್ಯವಾಗಿ ಒಂದೇ ಸಲಕ್ಕೆ. ಆದರೆ ಬೆನ್ನು ನುಣುಪಾಗಿ ಬರುತ್ತದೆ, ಅಡಿಯಲ್ಲಿ ಸಿಕ್ಕ ಗಾಳಿಗೆ ದಾರಿ ಸಿಗುವುದರಿಂದ ದೊಡ್ಡ ಗುಳ್ಳೆ ಕಡಿಮೆ. ದೊಡ್ಡ ತುಂಡಿಗೆ ಕಾಗದ, ದಿನನಿತ್ಯದ ಸಣ್ಣ ಕೆಲಸಕ್ಕೆ ವಾಶ್. ನಾನು ಹಾಗೇ ನಡೆಸುತ್ತಿದ್ದೇನೆ. ಎರಡರ ಪುಡಿಯೂ ಎದೆಗೆ ಒಳ್ಳೆಯದಲ್ಲ. ಕೆರೆಯುವಾಗ ಒಳ್ಳೆಯ ಮಾಸ್ಕ್ ಹಾಕಿ, ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಅಚ್ಚು: ಮಣ್ಣೋ ಸ್ಟೀಲೋ

ಇದು ಬಹಳ ಸರಳ, ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ. ತಣಿಯುವಾಗ ಸುಟ್ಟ ಮಣ್ಣು ಗಾಜಿಗಿಂತ ಕಡಿಮೆ ಕುಗ್ಗುತ್ತದೆ, ಸ್ಟೀಲ್ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಅಚ್ಚಿನ ಒಳಗೆ ಗಾಜು ಬಾಗಬೇಕಾದರೆ ಮಣ್ಣಿನ ಅಚ್ಚು, ಗಾಜು ತಾನೇ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಅಚ್ಚಿನ ಮೇಲೆ ಗಾಜು ಕವುಚಿ ಬೀಳಬೇಕಾದರೆ ಸ್ಟೀಲ್, ಅದು ಒಳಗೆ ಕುಗ್ಗಿ ಗಾಜನ್ನು ಬಿಟ್ಟುಕೊಡುತ್ತದೆ. ಉಲ್ಟಾ ಮಾಡಿದರೆ ಗಾಜು ಅಚ್ಚನ್ನು ಹಿಡಿದುಕೊಂಡು ಒಡೆಯುತ್ತದೆ. ಮಣ್ಣಿನ ಅಚ್ಚಿನ ತಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇದೆಯೇ ನೋಡಿ.

ತಣ್ಣನೆಯ ಕೆಲಸ

ಉಜ್ಜುವುದು, ಅಂಚು ತೀಡುವುದು, ಹೊಳಪು ಕೊಡುವುದು. ಜನ ಇಲ್ಲಿ ಆತುರಪಟ್ಟು ದುಡ್ಡು ಸುರಿಯುತ್ತಾರೆ. ತೆಳು ಕೆಲಸ ಮಾಡುವವರಿಗೆ ಮೊದಲ ವರ್ಷ ವಜ್ರದ ಪುಡಿ ಕೂಡಿಸಿದ ಕೈ ಪ್ಯಾಡ್‌ಗಳು ಸಾಕು. 120, 200, 400, 800 ಹೀಗೆ ಒರಟಿನಿಂದ ನುಣುಪಿಗೆ, ಯಾವಾಗಲೂ ನೀರಿನಲ್ಲಿ ಅದ್ದಿ. ಈ ಸಂಖ್ಯೆಗಳಿಗೆ ಗ್ರಿಟ್ ಎನ್ನುತ್ತಾರೆ. ಒಂದು ಗ್ರಿಟ್ ಹಾರಿಸಿದರೆ ಅದರ ಗೀರು ಕೊನೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಉಜ್ಜಿದ ಅಂಚನ್ನು ಸ್ಲಂಪ್ ಮಾಡುವಾಗಲೇ ಸ್ವಲ್ಪ ಮೆರುಗು ಬರುವಂತೆ ನೋಡಿಕೊಂಡರೆ ಬೇರೆ ಹೊಳಪಿನ ಕೆಲಸವೇ ಇರುವುದಿಲ್ಲ.

ದಪ್ಪ ಎರಕದವರ ಕಥೆ ಬೇರೆ. ಅಷ್ಟು ದಪ್ಪದ್ದನ್ನು ಹೊಳಪಿಗೆಂದು ಮತ್ತೆ ಕಿಲ್ನ್‌ಗೆ ಹಾಕಿದರೆ ಮತ್ತೆ ಅದೇ 14 ಗಂಟೆ, 47 ಗಂಟೆ ತಣಿಸಬೇಕು. ಆದ್ದರಿಂದ ಅವರಿಗೆ ಯಂತ್ರ ಬೇಕೇ ಬೇಕು. ಅಂಚು, ತಿರುವುಗಳಿಗೆ ನೀರು ಬೀಳುವ ಬೆಲ್ಟ್ ಸ್ಯಾಂಡರ್, ಚಪ್ಪಟೆ ಮೈಗೆ ಲ್ಯಾಪ್ ಎಂಬ ತಿರುಗುವ ತಟ್ಟೆ, ಕೊನೆಗೆ ಹೊಳಪಿನ ಪುಡಿ ಸೀರಿಯಂ ಆಕ್ಸೈಡ್. ಒಂದನ್ನೇ ಕೊಳ್ಳಬಹುದು ಎಂದರೆ ನಾನು ಬೆಲ್ಟ್ ಎನ್ನುತ್ತೇನೆ, ಅದು ಕಡಿಮೆ ಜಾಗದಲ್ಲಿ ಹೆಚ್ಚು ಬಗೆಯ ಕೆಲಸ ಮಾಡುತ್ತದೆ. ಉಜ್ಜಿದ ನೀರನ್ನು ಸಿಂಕಿಗೆ ಸುರಿಯಬೇಡಿ. ಬಕೆಟ್‌ನಲ್ಲಿ ರಾತ್ರಿ ಇಟ್ಟರೆ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ನೀರು ಮಾತ್ರ ಚೆಲ್ಲಿ. ನಾನು ಇದನ್ನು ಕಲಿತದ್ದು ಪೈಪ್ ಕಟ್ಟಿಕೊಂಡು ಪ್ಲಂಬರ್ ಎರಡು ಸಲ ಬಂದು ಹೋದ ಮೇಲೆ.

ನಡೆಸುವಾಗ

ಪ್ರತಿ ಸಲ ಸುಟ್ಟಾಗಲೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಯಾವ ಗಾಜು, ಎಷ್ಟು ದಪ್ಪ, ಯಾವ ಹಂತದಲ್ಲಿ ಎಷ್ಟು ಬಿಸಿ, ಹೇಗೆ ಬಂತು. ಕೆಟ್ಟದ್ದನ್ನೂ ಬರೆಯಿರಿ. ಒಮ್ಮೆ ತಿಳಿನೀಲಿಯ ಮೇಲೆ ಹಳದಿ ಇಟ್ಟು ಸುಟ್ಟಾಗ ಎರಡೂ ಸೇರಿದ ಕಡೆ ಕಂದು ಗೆರೆ ಎದ್ದಿತು. ನೀಲಿಯಲ್ಲಿ ತಾಮ್ರ, ಹಳದಿಯಲ್ಲಿ ಗಂಧಕ, ಎರಡೂ ಮಾತಾಡಿಕೊಂಡಿವೆ. ಅಂದು ಹಾಳಾಯಿತು ಎಂದು ಬರೆದಿಟ್ಟ ಪುಟವನ್ನೇ ಈಗ ಬೇಕೆಂದು ತೆರೆದು ಆ ಗೆರೆಯನ್ನು ವಿನ್ಯಾಸಕ್ಕೆ ಬಳಸುತ್ತೇನೆ.

ಒಪ್ಪಿಕೊಂಡ ಕೆಲಸಕ್ಕೆ ದಿನ ಕೊಡುವಾಗಲೂ ದಪ್ಪವನ್ನೇ ಕೇಳಿ. 6 ಮಿ.ಮೀ. ಬಟ್ಟಲಿಗೆ ಎರಡು ಸುಡುವಿಕೆ, ಅಂದರೆ ಎರಡು ದಿನ, ಒಡೆದರೆ ಮತ್ತೆರಡು ದಿನ. 50 ಮಿ.ಮೀ. ಎರಕಕ್ಕೆ ತಣಿಸಲು ಮಾತ್ರವೇ ಎರಡು ದಿನ. ಆ ಎರಡು ದಿನ ಕಿಲ್ನ್ ಬೇರೆ ಯಾರಿಗೂ ಇಲ್ಲ. ನೋಡಲು ಬಂದವರು ‘ಒಂಚೂರು ಮುಚ್ಚಳ ಎತ್ತಿ ತೋರಿಸಿ’ ಎಂದೇ ಎನ್ನುತ್ತಾರೆ. ಅದಕ್ಕೆ ನನ್ನ ಕಿಲ್ನ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ, ಮುಚ್ಚಳ ತೆಗೆಯುವ ದಿನ ಮತ್ತು ಗಂಟೆ ಬರೆದು.